ಮಷಿನ್‌ಗೆ ಮೂರು ಫೇಸ್ ಬೇಕು, ಶೆಡ್‌ಗೆ ಬರುವುದು ಒಂದೇ

ಹಳೆಯ ಲೇತ್, ಡ್ರಿಲ್, ಪ್ಲೇನರ್‌ಗಳು ಒಳ್ಳೆಯ ಬೆಲೆಗೆ ಸಿಗುತ್ತವೆ. ಲಾರಿಯಿಂದ ಇಳಿಸಿ ನೆಲಕ್ಕೆ ಬೋಲ್ಟ್ ಹಾಕಿದ ಮೇಲೆ, ಶೆಡ್‌ನಲ್ಲಿರುವುದು ಸಿಂಗಲ್ ಫೇಸ್ ಮೀಟರ್ ಎಂಬ ಪ್ರಶ್ನೆ ಏಳುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಹರಿಹರದಲ್ಲಿ ತಯಾರಾದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತ್ ಕೊಂಡಿದ್ದೇನೆ. ಈಗ ಅದರ ಮೇಲಿರುವ ಮೋಟರ್ 3 ಎಚ್‌ಪಿ, 415 ವೋಲ್ಟ್, 4.8 ಆಂಪಿಯರ್. ಶೆಡ್‌ಗೆ 230 ವೋಲ್ಟಿನ ಸಿಂಗಲ್ ಫೇಸ್ ಮಾತ್ರ ಇದೆ. ಸಿಂಗಲ್ ಫೇಸ್ ವಿಎಫ್‌ಡಿ (ಮೋಟರ್‌ನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ತಂದು ಜೋಡಿಸಿದೆ. ಮೋಟರ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಟೂಲ್ ಸ್ವಲ್ಪ ಆಳ ಕೊಟ್ಟರೆ ನಿಂತುಬಿಡುತ್ತದೆ. ಡ್ರೈವ್ ಕೆಟ್ಟಿದೆಯೇ? (ದಾವಣಗೆರೆ)

ಉತ್ತರ: ಡ್ರೈವ್ ಕೆಟ್ಟಿಲ್ಲ. ಸಿಂಗಲ್ ಫೇಸ್‌ನಲ್ಲಿ ತ್ರೀ ಫೇಸ್ ಮೋಟರ್ ಓಡಿಸಲು ಹೊರಟಾಗ ನೀಗಬೇಕಾದ ಕೊರತೆ ಎರಡು. ಫೇಸ್‌ಗಳ ಕೊರತೆ ಒಂದು, ವೋಲ್ಟೇಜಿನ ಕೊರತೆ ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ, ಎರಡನೆಯದನ್ನು ಮಾರುವವರೂ ಕೊಳ್ಳುವವರೂ ಮರೆಯುತ್ತಾರೆ. ನೀವು ತಂದಿರುವ ವಿಎಫ್‌ಡಿ ಒಂದು ಫೇಸನ್ನು ಮೂರು ಮಾಡಿಕೊಡುತ್ತದೆ. ಆದರೆ ಆ ಮೂರರ ನಡುವಿನ ವೋಲ್ಟೇಜ್, ಒಳಗೆ ಬಂದ 230ನ್ನು ದಾಟುವುದಿಲ್ಲ. ಮೋಟರ್ ಕೇಳುವುದು 415.

ಮೋಟರ್‌ನೊಳಗಿನ ಮೂರು ವೈಂಡಿಂಗ್‌ಗಳು (ತಂತಿ ಸುರುಳಿಗಳು) ಈಗ ಸ್ಟಾರ್‌ನಲ್ಲಿ, ಅಂದರೆ ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿರುವ ಜೋಡಣೆಯಲ್ಲಿ, ಇರುವುದು ಹೆಚ್ಚುಕಡಿಮೆ ಖಚಿತ. ಸ್ಟಾರ್‌ನಲ್ಲಿ 415 ಕೊಟ್ಟಾಗ ಒಂದೊಂದು ವೈಂಡಿಂಗ್‌ಗೆ ಸಿಗುವುದು 240 ವೋಲ್ಟ್. ನೀವು 230 ಕೊಡುತ್ತಿರುವುದರಿಂದ ಸಿಗುತ್ತಿರುವುದು ಬರೀ 133. ಮೋಟರ್‌ನ ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆಯೇ ಉಳಿಯುತ್ತದೆ. ಅಂದರೆ 3 ಎಚ್‌ಪಿ ಮೋಟರ್ ಈಗ 1 ಎಚ್‌ಪಿ ಮೋಟರ್‌ನಂತೆ ದುಡಿಯುತ್ತಿದೆ. ಖಾಲಿ ತಿರುಗಲು ಅಷ್ಟು ಸಾಕು, ಕಬ್ಬಿಣ ಕೊರೆಯಲು ಸಾಲದು.

ಪರಿಹಾರ ಇರುವುದು ಟರ್ಮಿನಲ್ ಬಾಕ್ಸ್‌ನೊಳಗೆ. ಡ್ರೈವ್ ಆಫ್ ಮಾಡಿ, ಮೇನ್ ಎಂಸಿಬಿ ಇಳಿಸಿ, ಡ್ರೈವ್‌ನೊಳಗಿನ ಕಂಡೆನ್ಸರ್ ಖಾಲಿಯಾಗಲು ಹತ್ತು ನಿಮಿಷ ಕಾಯಿರಿ. ಆಮೇಲೆ ಮೋಟರ್‌ನ ಬಾಕ್ಸ್ ಬಿಚ್ಚಿ. ಆರು ಟರ್ಮಿನಲ್‌ಗಳಿದ್ದರೆ ಮೇಲಿನ ಸಾಲಿನಲ್ಲಿ ಯು1, ವಿ1, ಡಬ್ಲ್ಯು1, ಕೆಳಗಿನ ಸಾಲಿನಲ್ಲಿ ಡಬ್ಲ್ಯು2, ಯು2, ವಿ2 ಇರುತ್ತವೆ. ಹಳೆಯ ಮೋಟರ್‌ಗಳಲ್ಲಿ ಇವಕ್ಕೆ ಎ, ಬಿ, ಸಿ ಎಂಬ ಗುರುತು. ಕೆಳಗಿನ ಮೂರನ್ನೂ ಅಡ್ಡವಾಗಿ ಸೇರಿಸಿರುವ ಹಿತ್ತಾಳೆ ಪಟ್ಟಿಯೇ ಸ್ಟಾರ್. ಅದನ್ನು ತೆಗೆದು, ಮೇಲಿನ ಒಂದೊಂದಕ್ಕೂ ಅದರ ನೇರ ಕೆಳಗಿನದನ್ನು ಸೇರಿಸಿ ಮೂರು ಪಟ್ಟಿಗಳನ್ನು ನೆಟ್ಟಗೆ ಹಾಕಿ. ಇದು ಡೆಲ್ಟಾ. ಈಗ ಒಂದೊಂದು ವೈಂಡಿಂಗ್‌ಗೂ ಪೂರ್ತಿ 230 ಸಿಗುತ್ತದೆ. ಮುಂಚೆ ಸ್ಟಾರ್‌ನಲ್ಲಿ ಸಿಗುತ್ತಿದ್ದ 240ಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಮೋಟರ್ ಪೂರ್ತಿ 3 ಎಚ್‌ಪಿ ಕೊಡುತ್ತದೆ.

ಡೆಲ್ಟಾ ಮಾಡಿದಾಗ ಕರೆಂಟ್ 1.73 ಪಟ್ಟು ಏರುತ್ತದೆ. ಮೋಟರ್‌ನ ನೇಮ್‌ಪ್ಲೇಟ್ ಮೇಲಿನ 4.8 ಆಂಪಿಯರ್ 8.3 ಆಗುತ್ತದೆ. ಡ್ರೈವ್ ಆರಿಸುವಾಗ ಎಚ್‌ಪಿಗಿಂತ ಈ ಅಂಕಿ ಮುಖ್ಯ. ಸಿಂಗಲ್ ಫೇಸ್ 2.2 ಕಿಲೋವ್ಯಾಟ್ ಡ್ರೈವ್‌ಗಳು ಸಾಮಾನ್ಯವಾಗಿ 10 ಆಂಪಿಯರ್ ಹತ್ತಿರ ಕೊಡುತ್ತವೆ, ಹಾಗಾಗಿ ಸಾಕು. ನೀವು ತಂದಿರುವುದು 1.5 ಕಿಲೋವ್ಯಾಟ್ ಆಗಿದ್ದರೆ ಬದಲಿಸಿಕೊಳ್ಳಿ.

ಡ್ರೈವ್‌ನಲ್ಲಿ ಹಾಕಬೇಕಾದ ಅಂಕಿಗಳು: ಮೋಟರ್ ವೋಲ್ಟೇಜ್ 230, ಕರೆಂಟ್ 8.3, ಫ್ರೀಕ್ವೆನ್ಸಿ 50, ಪ್ಲೇಟ್‌ನಲ್ಲಿರುವ ಆರ್‌ಪಿಎಂ. ವೇಗ ಏರಲು 5ರಿಂದ 8 ಸೆಕೆಂಡ್ ಕೊಡಿ. ಇಳಿಯಲು ಕೂಡ ಅಷ್ಟೇ ಕೊಡಿ. ಬೇಗ ನಿಲ್ಲಲಿ ಎಂದು ಇಳಿಯುವ ಸಮಯವನ್ನು 1 ಸೆಕೆಂಡ್‌ಗೆ ತಂದರೆ, ಭಾರದ ಚಕ್ (ಕೊರೆಯುವ ತುಂಡನ್ನು ಹಿಡಿಯುವ ಭಾಗ) ತನ್ನ ವೇಗವನ್ನು ಕರೆಂಟಾಗಿ ಡ್ರೈವ್‌ಗೆ ವಾಪಸ್ ತಳ್ಳಿ ಓವರ್‌ವೋಲ್ಟೇಜ್ ಟ್ರಿಪ್ ಆಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳೆಯ ಲೇತ್‌ಗಳಲ್ಲಿ ಚಕ್ ಅನ್ನು ಸ್ಪಿಂಡಲ್ ಮೂತಿಗೆ ಮರೆ (ಥ್ರೆಡ್) ಸುತ್ತಿ ಕೂರಿಸಿರುತ್ತಾರೆ. ಸ್ಪಿಂಡಲ್ ಗಕ್ಕನೆ ನಿಂತರೆ ಅಥವಾ ಹಿಂದಕ್ಕೆ ತಿರುಗಿದರೆ ಚಕ್ ಬಿಚ್ಚಿಕೊಂಡು ಹಾರುತ್ತದೆ. ಅಂಥ ಲೇತ್‌ನಲ್ಲಿ, ಬೇಗ ನಿಲ್ಲಿಸಲು ಡ್ರೈವ್‌ಗೆ ಜೋಡಿಸುವ ಬ್ರೇಕ್ ರೆಸಿಸ್ಟರ್ ಹಾಕುವ ಯೋಚನೆಯನ್ನೇ ಬಿಡಿ.

ಹಳೆಯ ಸ್ಟಾರ್ಟರ್‌ಗೆ ಇನ್ನು ಮೋಟರ್ ಲೈನಿನಲ್ಲಿ ಕೆಲಸವಿಲ್ಲ. ಡ್ರೈವ್‌ಗೂ ಮೋಟರ್‌ಗೂ ನಡುವೆ ಸ್ವಿಚ್, ಕಾಂಟ್ಯಾಕ್ಟರ್ (ಸ್ಟಾರ್ಟರ್‌ನೊಳಗೆ ಕಾಯಿಲ್‌ನಿಂದ ಹಿಡಿಯುವ ಸ್ವಿಚ್) ಯಾವುದೂ ಇರಬಾರದು. ಮೋಟರ್ ಓಡುತ್ತಿರುವಾಗ ಆ ದಾರಿ ಕಡಿದರೆ ಏಳುವ ವೋಲ್ಟೇಜ್, ಮತ್ತೆ ಸೇರಿಸಿದಾಗ ನುಗ್ಗುವ ಕರೆಂಟ್ ಎರಡೂ ಡ್ರೈವ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಸುಡುತ್ತವೆ. ಫಾರ್ವರ್ಡ್, ರಿವರ್ಸ್ ಲಿವರ್‌ನ ತಂತಿಗಳನ್ನು ಡ್ರೈವ್‌ನ 24 ವೋಲ್ಟ್ ಕಂಟ್ರೋಲ್ ಟರ್ಮಿನಲ್‌ಗೆ ತನ್ನಿ. ತಲೆ ಅಣಬೆಯಂತಿರುವ ಕೆಂಪು ಎಮರ್ಜೆನ್ಸಿ ಬಟನ್ ಒಂದನ್ನು ಕೈಗೆಟಕುವಂತೆ ಇಡಿ. ವಿದ್ಯುತ್ ಹೋಗಿ ಬಂದಾಗ ತಾನೇ ಶುರುವಾಗುವ ಆಯ್ಕೆ ಡ್ರೈವ್‌ನಲ್ಲಿದ್ದರೆ ಅದನ್ನು ಆಫ್ ಮಾಡಿಡಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಇದು ಬೆರಳು ಉಳಿಸುವ ಸೆಟ್ಟಿಂಗ್.

ಇನ್ನು ವೈರ್. ಡ್ರೈವ್‌ನ ಒಳಗೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇರುವುದರಿಂದ ಅದು ಸಿಂಗಲ್ ಫೇಸ್‌ನಿಂದ ಎಳೆಯುವ ಕರೆಂಟ್ ಮೋಟರ್‌ನ ಕರೆಂಟಿಗಿಂತ ಬಹಳ ಜಾಸ್ತಿ. 3 ಎಚ್‌ಪಿ ಪೂರ್ತಿ ಲೋಡ್‌ನಲ್ಲಿ 18ರಿಂದ 22 ಆಂಪಿಯರ್ ಆಗುತ್ತದೆ. 16 ಆಂಪಿಯರ್ ಸಾಕೆಟ್‌ಗೆ ಪ್ಲಗ್ ಚುಚ್ಚಿ ಓಡಿಸಿದರೆ ಪ್ಲಗ್ ಕರಗುತ್ತದೆ. ಮೀಟರ್ ಬೋರ್ಡ್‌ನಿಂದ ಪ್ರತ್ಯೇಕ ಲೈನ್ ಎಳೆದು 32 ಆಂಪಿಯರ್ ಎಂಸಿಬಿ ಹಾಕಿ. ಶೆಡ್ 50 ಮೀಟರ್ ದೂರವಿದ್ದು 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ, 20 ಆಂಪಿಯರ್‌ಗೆ 16 ವೋಲ್ಟ್ ದಾರಿಯಲ್ಲೇ ಸೋರುತ್ತದೆ. 4 ಚದರ ಮಿಲಿಮೀಟರ್‌ಗೆ 10 ವೋಲ್ಟ್, 6ಕ್ಕೆ ಏಳು ವೋಲ್ಟಿಗಿಂತ ಕಡಿಮೆ. ಅಷ್ಟು ದೂರಕ್ಕೆ 6 ಹಾಕಿ. ಸಂಜೆ ಹೊತ್ತು ಊರಿನ ವೋಲ್ಟೇಜೇ 190ಕ್ಕೆ ಇಳಿದರೆ ಡ್ರೈವ್ ಅದನ್ನು ಏರಿಸಿ ಕೊಡಲಾರದು. ಮೋಟರ್‌ನ ಗರಿಷ್ಠ ಟಾರ್ಕ್ ಆಗ ಮೂರನೇ ಎರಡು ಪಾಲಿಗೆ ಬಂದಿರುತ್ತದೆ, ಕಟ್ ಕಡಿಮೆ ಮಾಡಿಕೊಳ್ಳಬೇಕು.

ವೇಗ ಬದಲಿಸಲು ಗುಂಡಿ ತಿರುಗಿಸಿದರೆ ಸಾಕಲ್ಲ ಎಂದು ಗೇರ್, ಬೆಲ್ಟ್‌ಗಳನ್ನು ಮರೆಯಬೇಡಿ. 50 ಹರ್ಟ್ಜ್‌ನಿಂದ 25ಕ್ಕೆ ಇಳಿಸಿದರೆ ಟಾರ್ಕ್ ಅಷ್ಟೇ ಉಳಿದು ಎಚ್‌ಪಿ ಅರ್ಧವಾಗುತ್ತದೆ. ಬ್ಯಾಕ್ ಗೇರ್ (ಸ್ಪಿಂಡಲ್ ವೇಗ ಇಳಿಸುವ ಗೇರ್) ಹಾಕಿದರೆ ಎಚ್‌ಪಿ ಉಳಿದು ಟಾರ್ಕ್ ಏರುತ್ತದೆ. ದಪ್ಪ ಕೆಲಸಕ್ಕೆ ಗೇರ್, ಸಣ್ಣ ಹೊಂದಾಣಿಕೆಗೆ ಡ್ರೈವ್. 20 ಹರ್ಟ್ಜ್‌ಗಿಂತ ಕೆಳಗೆ ಬಹಳ ಹೊತ್ತು ಲೋಡ್ ಕೊಡಬೇಡಿ. ಮೋಟರ್‌ನ ಫ್ಯಾನ್ ಅದರ ಶಾಫ್ಟ್‌ಗೇ ಇರುವುದರಿಂದ ಗಾಳಿ ಸಾಲದೆ ವೈಂಡಿಂಗ್ ಕಾಯುತ್ತದೆ.

ಪ್ರಶ್ನೆ: ನನ್ನ 2 ಎಚ್‌ಪಿ ಮೋಟರ್‌ನ ಬಾಕ್ಸ್ ಬಿಚ್ಚಿದರೆ ಮೂರೇ ತಂತಿಗಳಿವೆ. ಡೆಲ್ಟಾ ಮಾಡಲು ಸಾಧ್ಯವೇ ಇಲ್ಲವೇ? (ಗದಗ)

ಉತ್ತರ: ಸಾಧ್ಯವಿದೆ, ಮೋಟರ್ ಬಿಚ್ಚಬೇಕಾಗುತ್ತದೆ. ನಮ್ಮ ದೇಶದ ಮೋಟರ್‌ಗಳಲ್ಲಿ 3 ಎಚ್‌ಪಿವರೆಗಿನವು ಸಾಮಾನ್ಯವಾಗಿ 415ಕ್ಕೆ ಸ್ಟಾರ್, 5 ಎಚ್‌ಪಿಯಿಂದ ಮೇಲಿನವು 415ಕ್ಕೇ ಡೆಲ್ಟಾ. ಸಣ್ಣವುಗಳಲ್ಲಿ ತಂತಿ ಉಳಿಸಲು ಸ್ಟಾರ್ ಗಂಟನ್ನು ಒಳಗೇ ಕಟ್ಟಿ ಮೂರು ತಂತಿ ಮಾತ್ರ ಹೊರಗೆ ಬಿಟ್ಟಿರುತ್ತಾರೆ. ಎಂಡ್ ಕವರ್ ತೆಗೆದು, ವೈಂಡಿಂಗ್‌ನ ಕಟ್ಟಿನಲ್ಲಿ ಮೂರು ತುದಿಗಳು ಒಂದೇ ಸ್ಲೀವ್‌ನೊಳಗೆ ಸೇರುವ ಜಾಗ ಹುಡುಕಬೇಕು. ಹೇರ್ ಡ್ರೈಯರ್‌ನಿಂದಲೋ ಬಿಸಿಗಾಳಿ ಗನ್‌ನಿಂದಲೋ ವಾರ್ನಿಷ್ ಮೆತ್ತಗೆ ಮಾಡಿ ಆ ಗಂಟನ್ನು ಮಾತ್ರ ಎತ್ತಿ, ಬಿಚ್ಚಿ, ಮೂರಕ್ಕೂ ಹೊಸ ಲೀಡ್ ಬೆಸುಗೆ ಹಾಕಿ, ವಾರ್ನಿಷ್ ಸ್ಲೀವ್ ಏರಿಸಿ, ದಾರದಿಂದ ಕಟ್ಟಿ ಮತ್ತೆ ವಾರ್ನಿಷ್ ಹಚ್ಚಬೇಕು. ಕೈ ಪಳಗದವರು ಇದನ್ನು ರೀವೈಂಡಿಂಗ್ ಮಾಡುವವರಿಗೇ ಕೊಡಿ. ಎನಾಮೆಲ್ ಒಂದು ಕಡೆ ಸೀಳಿದರೆ ಪೂರ್ತಿ ವೈಂಡಿಂಗ್ ಹೋಗುತ್ತದೆ.

ತುದಿಗಳಿಗೆ ಗುರುತು ಹಾಕುವಲ್ಲಿ ತಪ್ಪಾಗುವುದು ಜಾಸ್ತಿ. ಮಲ್ಟಿಮೀಟರ್‌ನಲ್ಲಿ ನೋಡಿದರೆ ಆರು ತಂತಿಗಳು ಮೂರು ಜೋಡಿಯಾಗಿ ಸಿಗುತ್ತವೆ, ಆದರೆ ಪ್ರತಿ ಜೋಡಿಯಲ್ಲಿ ಆರಂಭ ಯಾವುದು, ಕೊನೆ ಯಾವುದು ಎಂದು ಅದು ಹೇಳುವುದಿಲ್ಲ. ಅದಕ್ಕೆ ಒಂದು ಪರೀಕ್ಷೆ ಇದೆ. ಒಂದು ಜೋಡಿಯ ಒಂದು ತುದಿಗೆ ಇನ್ನೊಂದು ಜೋಡಿಯ ಒಂದು ತುದಿ ಸೇರಿಸಿ, ಉಳಿದ ಎರಡು ತುದಿಗಳಿಗೆ 12 ಅಥವಾ 24 ವೋಲ್ಟಿನ ಎಸಿ ಟ್ರಾನ್ಸ್‌ಫಾರ್ಮರ್‌ನಿಂದ ಸ್ವಲ್ಪ ಹೊತ್ತು ಕೊಡಿ. ಮೂರನೆಯ ಜೋಡಿಯ ಮೇಲೆ ಮೀಟರ್ ಇಡಿ. ವೋಲ್ಟೇಜ್ ಸ್ಪಷ್ಟವಾಗಿ ಕಂಡರೆ ನೀವು ಸೇರಿಸಿರುವುದು ಒಂದರ ಕೊನೆಗೆ ಇನ್ನೊಂದರ ಆರಂಭ. ಸೊನ್ನೆಯ ಹತ್ತಿರ ಇದ್ದರೆ ಎರಡೂ ಆರಂಭ, ಇಲ್ಲವೇ ಎರಡೂ ಕೊನೆ. ಹೀಗೆ ಮೂರನ್ನೂ ನೋಡಿ ಗುರುತು ಹಾಕಿ. ಒಂದು ವೈಂಡಿಂಗ್ ಉಲ್ಟಾ ಆಗಿಬಿಟ್ಟರೆ ಮೋಟರ್ ಗುಂಯ್ ಎಂದು ಗುಡುಗುತ್ತದೆ, ಸರಿಯಾಗಿ ವೇಗ ಹಿಡಿಯುವುದಿಲ್ಲ, ಕೆಲವೇ ನಿಮಿಷದಲ್ಲಿ ಕಾಯುತ್ತದೆ.

ಎರಡು ವೇಗದ ಮೋಟರ್ ಆಗಿದ್ದರೆ ಈ ದಾರಿ ಬೇಡ. ಅದರೊಳಗೆ ಪೋಲ್ ಬದಲಿಸುವ ಜೋಡಣೆ ಇರುತ್ತದೆ. ಬೇರೆ ಮೋಟರ್ ಕೂರಿಸುವುದೇ ಅಗ್ಗ.

ಪ್ರಶ್ನೆ: ಡ್ರೈವ್‌ಗೆ ದುಡ್ಡಿಲ್ಲ. 1 ಎಚ್‌ಪಿ ಪಿಲ್ಲರ್ ಡ್ರಿಲ್ ಅನ್ನು ಕಂಡೆನ್ಸರ್ ಹಾಕಿ ಓಡಿಸಬಹುದೇ? ಎಷ್ಟರ ಕಂಡೆನ್ಸರ್? (ತಿಪಟೂರು)

ಉತ್ತರ: ಡ್ರಿಲ್‌ಗೆ ಹಾಕಬಹುದು. ಇಲ್ಲಿಯೂ ಮೋಟರ್ ಮೊದಲು ಡೆಲ್ಟಾ ಆಗಿರಬೇಕು. ಫೇಸ್ ಮತ್ತು ನ್ಯೂಟ್ರಲ್ ಅನ್ನು ಮೋಟರ್‌ನ ಎರಡು ಟರ್ಮಿನಲ್‌ಗೆ ನೇರ ಕೊಡಿ. ಮೂರನೆಯದಕ್ಕೂ ಆ ಎರಡರಲ್ಲಿ ಒಂದಕ್ಕೂ ನಡುವೆ ಕಂಡೆನ್ಸರ್ ಬರಲಿ. ಯಾವುದಕ್ಕೆ ಸೇರಿಸುತ್ತೀರಿ ಎಂಬುದರ ಮೇಲೆ ತಿರುಗುವ ದಿಕ್ಕು ನಿರ್ಧಾರವಾಗುತ್ತದೆ. 230 ವೋಲ್ಟ್, 50 ಹರ್ಟ್ಜ್‌ಗೆ ಕಿಲೋವ್ಯಾಟ್‌ಗೆ ಸುಮಾರು 70 ಮೈಕ್ರೋಫ್ಯಾರಡ್ ಲೆಕ್ಕ. 1 ಎಚ್‌ಪಿ ಅಂದರೆ 0.75 ಕಿಲೋವ್ಯಾಟ್, ಹಾಗಾಗಿ 50 ಮೈಕ್ರೋಫ್ಯಾರಡ್. 440 ವೋಲ್ಟ್ ಎಸಿಯ ರನ್ ಕಂಡೆನ್ಸರ್ ಆಗಿರಬೇಕು. ಕಪ್ಪು ಡಬ್ಬಿಯ ಸ್ಟಾರ್ಟ್ ಕಂಡೆನ್ಸರ್ ಕೆಲವು ಸೆಕೆಂಡ್‌ಗೆ ಮಾತ್ರ ಮಾಡಿದ್ದು. ಅದನ್ನು ಸದಾ ಲೈನಿನಲ್ಲಿ ಬಿಟ್ಟರೆ ಸಿಡಿಯುತ್ತದೆ.

ಹೊರಡುವಾಗಿನ ಟಾರ್ಕ್ ಬಹಳ ಕಡಿಮೆ ಇರುತ್ತದೆ. ಡ್ರಿಲ್ ಖಾಲಿಯಾಗಿ ಹೊರಡುವುದರಿಂದ ಹೇಗೋ ನಡೆದೀತು. ಬೆಲ್ಟ್ ಬಿಗಿಯಿದ್ದು ಹೊರಡದೆ ಗುಂಯ್ ಎಂದರೆ, ಇನ್ನೊಂದು 80ರಿಂದ 100 ಮೈಕ್ರೋಫ್ಯಾರಡ್ ಸ್ಟಾರ್ಟ್ ಕಂಡೆನ್ಸರ್ ಅನ್ನು ಪುಶ್ ಬಟನ್ ಮೂಲಕ ಮೊದಲನೆಯದಕ್ಕೆ ಪ್ಯಾರಲಲ್ ಕೊಟ್ಟು ಎರಡು ಮೂರು ಸೆಕೆಂಡ್ ಒತ್ತಿ ಬಿಡಿ.

1 ಎಚ್‌ಪಿ ಮೋಟರ್ ಈ ರೀತಿಯಲ್ಲಿ ಕೊಡುವುದು ಸುಮಾರು 0.7 ಎಚ್‌ಪಿ. ಅದಕ್ಕಿಂತ ಹೆಚ್ಚು ಕೇಳಿದರೆ ಸುಡುತ್ತದೆ. ಆದರೆ ಖಾಲಿ ಓಡಿಸಿದರೂ ಕಾಯುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕಂಡೆನ್ಸರ್‌ನ ಲೆಕ್ಕ ಒಂದು ಲೋಡ್‌ಗೆ ಮಾತ್ರ ಹೊಂದುತ್ತದೆ. ಲೋಡ್ ಇಲ್ಲದಾಗ ಮೂರನೆಯ ಟರ್ಮಿನಲ್‌ನ ವೋಲ್ಟೇಜ್ ಏರಿ, ಆ ಕಡೆಯ ವೈಂಡಿಂಗ್‌ನಲ್ಲಿ ಕರೆಂಟ್ ಜಾಸ್ತಿಯಾಗುತ್ತದೆ. ಆದ್ದರಿಂದ ಕ್ಲಾಂಪ್ ಮೀಟರ್ ಹಿಡಿದು, ನೀವು ದಿನವೂ ಮಾಡುವ ತೂತು ಕೊರೆಯುತ್ತಿರುವಾಗ ಮೂರೂ ತಂತಿಗಳ ಕರೆಂಟ್ ನೋಡಿ. ಪ್ಲೇಟ್‌ನಲ್ಲಿ 1.8 ಇದ್ದರೆ ಡೆಲ್ಟಾದಲ್ಲಿ ಯಾವುದೂ 3.1 ದಾಟಬಾರದು. ಕಂಡೆನ್ಸರ್ ಕಡೆಯ ತಂತಿ ದಾಟಿದರೆ ಕಂಡೆನ್ಸರನ್ನು 40 ಮೈಕ್ರೋಫ್ಯಾರಡ್‌ಗೆ ಇಳಿಸಿ ನೋಡಿ. ತೂತು ಮುಗಿದ ಕೂಡಲೇ ಆಫ್ ಮಾಡುವ ರೂಢಿ ಇಟ್ಟುಕೊಳ್ಳಿ. ಕಂಡೆನ್ಸರ್‌ನ ಎರಡು ಕಾಲಿಗೆ 220 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ಬೆಸೆಯಿರಿ. ಇಲ್ಲದಿದ್ದರೆ ಪ್ಲಗ್ ಕಿತ್ತ ಮೇಲೂ ಅದು ಶಾಕ್ ಹೊಡೆಯುತ್ತದೆ.

ಲೇತ್‌ಗೂ ಗ್ರೈಂಡಿಂಗ್ ಮಷಿನ್‌ಗೂ ಈ ವಿಧಾನ ಬೇಡ. ಟಾರ್ಕ್ ಒಂದೇ ಸಮ ಇರದೆ ನಡುಗುವುದರಿಂದ ಕೆಲಸದ ಮೇಲೆ ಗೆರೆ ಬೀಳುತ್ತದೆ.

ಪ್ರಶ್ನೆ: ಶೇಪರ್ (ಲೋಹ ಹೆರೆಯುವ ಮಷಿನ್) 2 ಎಚ್‌ಪಿ, ಡ್ರಿಲ್ 1 ಎಚ್‌ಪಿ, ಗ್ರೈಂಡರ್ 1 ಎಚ್‌ಪಿ, ಮೂರೂ ತ್ರೀ ಫೇಸ್. ಅಮೆರಿಕದವರ ವಿಡಿಯೋಗಳಲ್ಲಿ ಹಳೆಯ ಮೋಟರ್ ಒಂದನ್ನು ಖಾಲಿ ಓಡಿಸಿ ಅದರಿಂದಲೇ ಇಡೀ ಅಂಗಡಿಗೆ ತ್ರೀ ಫೇಸ್ ಕೊಡುತ್ತಾರೆ. ಹಾಗೇ ಮಾಡಿದೆ. ಯಾವ ಮಷಿನ್ನೂ ಶಕ್ತಿ ತೋರಿಸುತ್ತಿಲ್ಲ. (ಬೆಳಗಾವಿ)

ಉತ್ತರ: ಅವರ ವಿಡಿಯೋದಲ್ಲಿ ತಪ್ಪಿಲ್ಲ, ಆದರೆ ಅವರ ಲೈನ್ ಬೇರೆ, ನಮ್ಮದು ಬೇರೆ. ಅಮೆರಿಕದ ಮನೆಗೆ ಸಿಂಗಲ್ ಫೇಸ್‌ನಲ್ಲೇ 240 ವೋಲ್ಟ್ ಬರುತ್ತದೆ. ಅಲ್ಲಿನ ಸಣ್ಣ ತ್ರೀ ಫೇಸ್ ಮೋಟರ್‌ಗಳನ್ನು 230 ಮತ್ತು 460 ಎರಡಕ್ಕೂ ಜೋಡಿಸುವಂತೆ ಮಾಡಿರುತ್ತಾರೆ. ಅವರಿಗೆ ಕೊರತೆ ಫೇಸಿನದು ಮಾತ್ರ. ನಮಗೆ 230ರಿಂದ 415ಕ್ಕೂ ಏರಬೇಕು.

ಮೂರೂ ಮೋಟರ್‌ಗಳಲ್ಲಿ ಆರು ಟರ್ಮಿನಲ್ ಇದ್ದರೆ ಎಲ್ಲವನ್ನೂ ಡೆಲ್ಟಾ ಮಾಡಿ. ಖಾಲಿ ಓಡುವ ಮೋಟರ್ ಕೂಡ 230ಕ್ಕೆ ಡೆಲ್ಟಾ ಆಗಬೇಕು. ಆಗ ನಿಮ್ಮ ವ್ಯವಸ್ಥೆ ಹಾಗೆಯೇ ಕೆಲಸ ಮಾಡುತ್ತದೆ. ಸ್ಟಾರ್ಟರ್‌ಗಳ ಓವರ್‌ಲೋಡ್ ರಿಲೇಯನ್ನು ಹೊಸ ಕರೆಂಟಿಗೆ ತಕ್ಕಂತೆ ಬದಲಿಸಿ. 415 ವೋಲ್ಟಿನ ಕಾಯಿಲ್ ಇದ್ದರೆ 240ರದ್ದು ಹಾಕಿ, ಇಲ್ಲದಿದ್ದರೆ ಕಾಂಟ್ಯಾಕ್ಟರ್ ಹಿಡಿಯುವುದೇ ಇಲ್ಲ, ಹಿಡಿದರೂ ಕಟಕಟ ಅನ್ನುತ್ತದೆ.

ಮೂರು ತಂತಿಯ ಮೋಟರ್‌ಗಳಾಗಿದ್ದು ಬಿಚ್ಚಲು ಮನಸ್ಸಿಲ್ಲದಿದ್ದರೆ, ಮುಂದೆ 230ರಿಂದ 415ಕ್ಕೆ ಏರಿಸುವ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್ ಬೇಕು. ನಿಮ್ಮ ಮಷಿನ್‌ಗಳಿಗೆ 5 ಕೆವಿಎ. ಅದರ ಹಿಂದೆ ಖಾಲಿ ಮೋಟರ್. ಅದರ ಗಾತ್ರ ನಿಮ್ಮ ದೊಡ್ಡ ಮೋಟರ್‌ನ ಒಂದೂವರೆಯಿಂದ ಎರಡು ಪಟ್ಟು ಇರಲಿ. 2 ಎಚ್‌ಪಿ ಶೇಪರ್‌ಗೆ 3 ಎಚ್‌ಪಿ ಸಾಕು, 5 ಆದರೆ ಹೊರಡುವಾಗ ಆರಾಮ. ಖಾಲಿ ಮೋಟರ್ ತಾನಾಗಿ ಹೊರಡುವುದಿಲ್ಲ, ಸ್ಟಾರ್ಟ್ ಕಂಡೆನ್ಸರ್ ಕೊಡಬೇಕು. ರನ್ ಕಂಡೆನ್ಸರ್‌ಗಳನ್ನು ತಯಾರಾದ ಮೂರನೆಯ ಫೇಸ್‌ಗೂ ಉಳಿದೆರಡಕ್ಕೂ ನಡುವೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ, ಶೇಪರ್ ಲೋಡ್‌ನಲ್ಲಿರುವಾಗ ಮೂರೂ ಲೈನ್ ವೋಲ್ಟೇಜ್ ಶೇ 5ರೊಳಗೆ ಬರುವಂತೆ ಹೊಂದಿಸಿ. 415ರ ಕಡೆ 440 ವೋಲ್ಟಿನ ಕಂಡೆನ್ಸರ್ ಹಾಕಬೇಡಿ, ಲೋಡ್ ಇಲ್ಲದಾಗ ವೋಲ್ಟೇಜ್ ಅದನ್ನು ದಾಟುತ್ತದೆ. 525ಕ್ಕೆ ಕಡಿಮೆ ಬೇಡ. ವೋಲ್ಟೇಜ್ ಸಮ ಮಾಡುವ ಈ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶೇ 3.5 ಅಸಮ ಇದ್ದರೇ ಮೋಟರ್‌ನ ಬಿಸಿ ಕಾಲು ಭಾಗದಷ್ಟು ಏರುತ್ತದೆ. ಹಾಗಾಗಿ ಶೇ 5ರ ಹತ್ತಿರ ಉಳಿದರೆ ಪೂರ್ತಿ ಎಚ್‌ಪಿ ಕೇಳಬಾರದು.

ತಯಾರಾದ ಮೂರನೆಯ ಫೇಸ್‌ಗೆ ಪೇಂಟ್ ಹಚ್ಚಿ ಗುರುತಿಡಿ. ಕಾಂಟ್ಯಾಕ್ಟರ್ ಕಾಯಿಲ್, ಕಂಟ್ರೋಲ್ ಟ್ರಾನ್ಸ್‌ಫಾರ್ಮರ್, ದೀಪ ಯಾವುದನ್ನೂ ಅದರ ಮೇಲೆ ಹಾಕಬಾರದು. ಆ ಫೇಸ್‌ನ ವೋಲ್ಟೇಜ್ ಲೋಡ್‌ಗೆ ತಕ್ಕಂತೆ ಏರಿಳಿಯುತ್ತದೆ. ಮೊದಲು ಖಾಲಿ ಮೋಟರ್, ಆಮೇಲೆ ಶೇಪರ್, ಕೊನೆಗೆ ಸಣ್ಣವು ಎಂಬ ಕ್ರಮ ಇರಲಿ. ಓಡುತ್ತಿರುವ ಪ್ರತಿ ಮೋಟರ್ ಕೂಡ ಖಾಲಿ ಮೋಟರ್‌ಗೆ ಹೆಗಲು ಕೊಡುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ, ಮೂರು ಸಣ್ಣ ಮಷಿನ್‌ಗೆ ಮೂರು ಸಣ್ಣ ಡ್ರೈವ್‌ಗಳೇ ಒಳ್ಳೆಯದು. ಸದ್ದಿಲ್ಲ, ಇಡೀ ದಿನ ಖಾಲಿ ತಿರುಗುವ ಮೋಟರ್‌ನ ಕರೆಂಟ್ ಬಿಲ್ ಇಲ್ಲ.

ಪ್ರಶ್ನೆ: 2 ಎಚ್‌ಪಿ ಪ್ಲೇನರ್‌ಗೆ ಡ್ರೈವ್ ಹಾಕಿದ ಮೇಲೆ ಮನೆಯ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಆಗಾಗ ಬೀಳುತ್ತದೆ. ಎಲೆಕ್ಟ್ರಿಷಿಯನ್ ಡ್ರೈವ್‌ನ ಅರ್ಥ್ ತಂತಿ ತೆಗೆದರು, ಈಗ ಬೀಳುವುದಿಲ್ಲ. ಸರಿಯೇ? (ಶಿರಸಿ)

ಉತ್ತರ: ಇವತ್ತೇ ಅರ್ಥ್ ತಂತಿಯನ್ನು ಮತ್ತೆ ಹಾಕಿಸಿ. ಅದಿಲ್ಲದೆ ಡ್ರೈವ್‌ನ ಪೆಟ್ಟಿಗೆ, ಮೋಟರ್, ಪ್ಲೇನರ್‌ನ ಟೇಬಲ್ ಎಲ್ಲವೂ ಜುಮ್ ಎನ್ನುತ್ತವೆ. ವೈಂಡಿಂಗ್ ಒಂದು ದಿನ ಮೋಟರ್‌ನ ಕವಚಕ್ಕೆ ತಾಗಿದರೆ ಜೀವ ಹೋಗುತ್ತದೆ.

ಡ್ರೈವ್‌ನೊಳಗಿನ ಫಿಲ್ಟರ್ ಕಂಡೆನ್ಸರ್‌ಗಳ ಮೂಲಕವೂ ಮೋಟರ್ ಕೇಬಲ್ ಮೂಲಕವೂ ಸ್ವಲ್ಪ ಕರೆಂಟ್ ಅರ್ಥ್‌ಗೆ ಹೋಗುವುದು ಸಹಜ. ಮನೆಯ ಫ್ರಿಜ್, ಕಂಪ್ಯೂಟರ್‌ಗಳ ಸೋರಿಕೆಯೂ ಅದರ ಜೊತೆ ಸೇರಿ 30ರ ಹತ್ತಿರ ಹೋದಾಗ ಆರ್‌ಸಿಸಿಬಿ ಬೀಳುತ್ತದೆ. ಪ್ಲೇನರ್‌ಗೆ ಬೇರೆಯೇ ಲೈನ್, ಬೇರೆಯೇ ಆರ್‌ಸಿಸಿಬಿ ಕೊಡಿ. ಎಸಿ ಟೈಪ್ ಬೇಡ, ಎ ಟೈಪ್ ಅಥವಾ ಸಿಕ್ಕರೆ ಎಫ್ ಟೈಪ್ ತನ್ನಿ. ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಕೇಬಲ್ ಗಿಡ್ಡ ಮಾಡಿ. ಡ್ರೈವ್‌ನ ಕ್ಯಾರಿಯರ್ ಫ್ರೀಕ್ವೆನ್ಸಿ (ಒಳಗಿನ ಟ್ರಾನ್ಸಿಸ್ಟರ್‌ಗಳು ಆನ್ ಆಫ್ ಆಗುವ ವೇಗ) 10 ಕಿಲೋಹರ್ಟ್ಜ್ ಇದ್ದರೆ 4ಕ್ಕೆ ಇಳಿಸಿ. ಮೋಟರ್ ಸ್ವಲ್ಪ ಸಿಳ್ಳೆ ಹಾಕುತ್ತದೆ, ಸೋರಿಕೆ ಕಡಿಮೆಯಾಗುತ್ತದೆ.

ಮರದ ಪುಡಿ ಡ್ರೈವ್‌ನ ಫ್ಯಾನ್‌ಗೆ ಮೆತ್ತಿಕೊಂಡು ಅದು ಬಿಸಿಯಾಗಿ ಟ್ರಿಪ್ ಆಗುವುದು ನಿಮ್ಮ ಮುಂದಿನ ತೊಂದರೆ. ಗೋಡೆಯ ಆಚೆ ಬದಿಯಲ್ಲಿ, ಫಿಲ್ಟರ್ ಬಟ್ಟೆ ಇರುವ ಪೆಟ್ಟಿಗೆಯೊಳಗೆ ಇಡಿ. ಕಬ್ಬಿಣದ ಪುಡಿ ಏಳುವ ಅಂಗಡಿಗಳಲ್ಲಿ ಇದು ಇನ್ನೂ ಮುಖ್ಯ, ಆ ಪುಡಿ ಬೋರ್ಡ್ ಮೇಲೆ ಕೂತರೆ ಶಾರ್ಟ್ ಆಗುತ್ತದೆ.

ಪ್ರಶ್ನೆ: ಗ್ಯಾರೇಜ್‌ನ 3 ಎಚ್‌ಪಿ ಏರ್ ಕಂಪ್ರೆಸರ್‌ಗೆ ಹಾಕಿದ ಎರಡು ಡ್ರೈವ್‌ಗಳು ಒಂದೇ ತಿಂಗಳಲ್ಲಿ ಸುಟ್ಟವು. (ಮೈಸೂರು)

ಉತ್ತರ: ಪ್ರೆಶರ್ ಸ್ವಿಚ್ ಎಲ್ಲಿದೆ ನೋಡಿ. ಅದು ಮುಂಚಿನಂತೆ ಮೋಟರ್ ಲೈನಿನಲ್ಲೇ, ಅಂದರೆ ಡ್ರೈವ್‌ನ ಔಟ್‌ಪುಟ್‌ನಲ್ಲೇ ಉಳಿದಿದ್ದರೆ ಪ್ರತಿ ಸಲ ಟ್ಯಾಂಕ್ ತುಂಬಿದಾಗಲೂ ಓಡುತ್ತಿರುವ ಡ್ರೈವ್‌ನ ದಾರಿ ಕಡಿಯುತ್ತಿದೆ. ಆ ಸ್ವಿಚ್‌ನ ಒಂದು ಕಾಂಟ್ಯಾಕ್ಟ್ ಅನ್ನು ಡ್ರೈವ್‌ನ ಸ್ಟಾರ್ಟ್ ಟರ್ಮಿನಲ್‌ಗೆ ತನ್ನಿ. ನಿಂತಾಗ ಹೆಡ್‌ನ ಗಾಳಿ ಬಿಡುವ ವಾಲ್ವ್ ಕೆಲಸ ಮಾಡುತ್ತಿದೆಯೇ ನೋಡಿ, ಇಲ್ಲದಿದ್ದರೆ ಮತ್ತೆ ಹೊರಡುವಾಗ ಓವರ್‌ಲೋಡ್ ಆಗುತ್ತದೆ. ವೇಗವನ್ನು 35 ಹರ್ಟ್ಜ್‌ಗಿಂತ ಇಳಿಸಬೇಡಿ. ಎಣ್ಣೆ ಚಿಮ್ಮಿ ನಯವಾಗುವ ಪಿಸ್ಟನ್ ಕಂಪ್ರೆಸರ್‌ಗೆ ನಿಧಾನ ಒಳ್ಳೆಯದಲ್ಲ.

ಪ್ರಶ್ನೆ: ಹಳೆಯ 415 ವೋಲ್ಟಿನ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್‌ಗೆ ಫೇಸ್ ಕನ್ವರ್ಟರ್ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡುವ ಸಾಧನ) ಬೇಕೇ? (ಶಿವಮೊಗ್ಗ)

ಉತ್ತರ: ಬೇಡ. ಎರಡು ತಂತಿಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ನಿಜದಲ್ಲಿ ಸಿಂಗಲ್ ಫೇಸ್ ಯಂತ್ರವೇ. ಎರಡು ಫೇಸ್‌ಗಳ ನಡುವೆ ಕೂರುತ್ತದೆ, ಅಷ್ಟೇ. 230ರ ಟ್ಯಾಪಿಂಗ್ ಇದ್ದರೆ ಅದಕ್ಕೆ ಕೊಡಿ, ಆದರೆ ಮನೆಯ ಲೈನ್ ಅಷ್ಟು ಕರೆಂಟ್ ತಾಳುವುದು ಅಪರೂಪ. 200 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡರ್ ಕೊಂಡರೆ ಹಗುರವೂ ಹೌದು, ಕರೆಂಟ್ ಕೂಡ ಕಡಿಮೆ.

ಪ್ರಶ್ನೆ: 7.5 ಎಚ್‌ಪಿ ಹಿಟ್ಟಿನ ಗಿರಣಿ ಹಾಕಬೇಕೆಂದಿದ್ದೇನೆ. ಮನೆಯ ಸಿಂಗಲ್ ಫೇಸ್ ಸಾಕೇ, ಯಾವ ಕನ್ವರ್ಟರ್ ಒಳ್ಳೆಯದು? (ಹಾವೇರಿ)

ಉತ್ತರ: ಯಾವುದೂ ಬೇಡ, ತ್ರೀ ಫೇಸ್ ಸಂಪರ್ಕಕ್ಕೇ ಅರ್ಜಿ ಹಾಕಿ. 7.5 ಎಚ್‌ಪಿ ಮೋಟರ್ ಲೈನಿನಿಂದ ಆರೂವರೆ ಕಿಲೋವ್ಯಾಟ್ ಎಳೆಯುತ್ತದೆ. ಎಲ್ಲವೂ ಆದರ್ಶವಾಗಿದ್ದರೂ ಸಿಂಗಲ್ ಫೇಸ್‌ನಲ್ಲಿ 28 ಆಂಪಿಯರ್, ಡ್ರೈವ್ ಮೂಲಕವಾದರೆ 40 ದಾಟುತ್ತದೆ. ಈ ಗಾತ್ರದ ಮೋಟರ್ 415ಕ್ಕೇ ಡೆಲ್ಟಾ ಆಗಿರುವುದರಿಂದ ಮೇಲೆ ಹೇಳಿದ ಪಟ್ಟಿ ಬದಲಿಸುವ ಉಪಾಯವೂ ನಡೆಯುವುದಿಲ್ಲ. ಜೊತೆಗೆ ಮನೆಯ ಮೀಟರ್‌ನಲ್ಲಿ ಗಿರಣಿ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ಲೆಕ್ಕ ಹಾಕಿ ವಸೂಲಿ ಮಾಡುತ್ತಾರೆ. ಇದು ಲೇತ್, ಪ್ಲೇನರ್ ಇಟ್ಟು ಹೊರಗಿನ ಕೆಲಸ ಮಾಡಿಕೊಡುವ ಎಲ್ಲರಿಗೂ ಅನ್ವಯಿಸುತ್ತದೆ. ಮಂಜೂರಾದ ಲೋಡ್ ಎಷ್ಟಿದೆ, ದರ ಯಾವ ವರ್ಗದ್ದು ಎಂದು ಮೊದಲು ಬಿಲ್‌ನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕೆಲವು ಗಂಟೆ ಮಾತ್ರ. ಸಿಂಗಲ್ ಫೇಸ್ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ 5 ಎಚ್‌ಪಿ ಬೋರ್ ಮೋಟರ್ ಓಡಿಸುವವರಿದ್ದಾರೆ. ಇದರಿಂದ ಮೋಟರ್‌ಗೆ ಏನಾಗುತ್ತದೆ? (ಕೋಲಾರ)

ಉತ್ತರ: 11 ಕೆವಿ ಲೈನಿನ ಒಂದು ಫೇಸ್ ತೆಗೆದಾಗ, ನಮ್ಮ ಹಳ್ಳಿಗಳಲ್ಲಿರುವ ಡೆಲ್ಟಾ–ಸ್ಟಾರ್ ಟ್ರಾನ್ಸ್‌ಫಾರ್ಮರ್‌ನ ಈಚೆ ಬದಿಯಲ್ಲಿ ಒಂದು ಫೇಸ್‌ಗೆ ಪೂರ್ತಿ 230 ಬಂದು, ಉಳಿದೆರಡಕ್ಕೆ ಅದರ ಅರ್ಧ ಬರುತ್ತದೆ. ಪೂರ್ತಿ ಫೇಸ್‌ಗೂ ಅರ್ಧ ಫೇಸ್‌ಗೂ ನಡುವೆ ಅಳೆದರೆ 345 ವೋಲ್ಟ್ ಸಿಗುತ್ತದೆ. ಕಂಡೆನ್ಸರ್ ಪೆಟ್ಟಿಗೆಯವರು ಹಿಡಿಯುವುದು ಇದನ್ನೇ. 415ರ ಮೋಟರ್‌ಗೆ 345, ಅದೂ ಅಸಮ. ನೀರು ಬರುತ್ತದೆ, ಆದರೆ ಒಂದು ವೈಂಡಿಂಗ್ ಉಳಿದೆರಡಕ್ಕಿಂತ ಬಹಳ ಕಾಯುತ್ತದೆ. ಬೋರ್‌ನೊಳಗಿನ ಮೋಟರ್ ಆದ್ದರಿಂದ ಕೈಯಿಟ್ಟು ನೋಡುವಂತಿಲ್ಲ. ಸುಟ್ಟಾಗ ಪೈಪ್ ಎತ್ತುವ ಖರ್ಚೇ ಮೋಟರ್ ರಿಪೇರಿಗಿಂತ ಹೆಚ್ಚು ಬರುತ್ತದೆ.

ಆ ಹೊತ್ತಿನ ಲೈನ್ ಮನೆಗಳ ದೀಪಕ್ಕೆ ಬಿಟ್ಟದ್ದು. ನಾಲ್ಕು ಪಂಪ್‌ಗಳು ಹೀಗೆ ಓಡಿದರೆ ಟ್ರಾನ್ಸ್‌ಫಾರ್ಮರ್‌ನ ಒಂದೇ ವೈಂಡಿಂಗ್ ಮೇಲೆ ಎಲ್ಲರ ಭಾರ ಬೀಳುತ್ತದೆ. ಅದು ಸುಟ್ಟರೆ ಹೊಸದು ಬರುವವರೆಗೆ ಯಾರ ಹೊಲಕ್ಕೂ ನೀರಿಲ್ಲ. ಕಂಡೆನ್ಸರ್ ಪೆಟ್ಟಿಗೆಗೆ ಹಾಕುವ ದುಡ್ಡನ್ನು ಒಂದು ತೊಟ್ಟಿಗೆ ಹಾಕಿ. ತ್ರೀ ಫೇಸ್ ಇರುವ ಹೊತ್ತಿನಲ್ಲಿ ತುಂಬಿಸಿಕೊಂಡು, ಉಳಿದ ಹೊತ್ತಿನಲ್ಲಿ ಮಟ್ಟ ಇಳಿಯುವ ಕಡೆಗೆ ತಾನೇ ಹರಿಯುವಂತೆ ಡ್ರಿಪ್ ಜೋಡಿಸಬಹುದು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಂಗಲ್ ಫೇಸಿಂಗ್ (ಒಂದು ಫೇಸ್ ಹೋದರೂ ಮೋಟರ್ ಓಡುತ್ತಿರುವುದು) ತಡೆಯುವ ರಿಲೇ ಇದ್ದು ಅದನ್ನು ಬೈಪಾಸ್ ಮಾಡಿದ್ದರೆ ಮತ್ತೆ ಲೈನಿಗೆ ಸೇರಿಸಿ. ತ್ರೀ ಫೇಸ್ ಹೊತ್ತಿನಲ್ಲೇ ಒಂದು ಫ್ಯೂಸ್ ಹೋದಾಗ ಮೋಟರ್ ಉಳಿಸುವುದು ಅದೊಂದೇ.